ಹೊರಗಾಳಿಯ ಲೆಕ್ಕ ಇಡುವುದು ಹೇಗೆ: ಕರಾವಳಿಯ ಹಸಿರು ಕಟ್ಟಡಗಳಿಗೊಂದು ಹೋಲಿಕೆ

ಹಸಿರು ಪ್ರಮಾಣಪತ್ರ ಬೇಕೆಂದು ಹೊರಟ ಕಟ್ಟಡದ ಕಡತದಲ್ಲಿ ಹೊರಗಾಳಿಯ ನಿಗಾ, ಅಂದರೆ ಹೊರಗಿನ ತಾಜಾ ಗಾಳಿ ಒಳಗೆ ಎಷ್ಟು ಬರುತ್ತಿದೆ ಎಂಬ ಲೆಕ್ಕದ ಪುಟ ಇದ್ದೇ ಇರುತ್ತದೆ. ಆ ಪುಟ ತುಂಬಿಸಲು ಮಾರಾಟಗಾರರು ಹಲವು ಬಗೆಯ ಸಾಮಾನು ತಂದು ಮೇಜಿನ ಮೇಲಿಡುತ್ತಾರೆ. ಗೋಡೆಗೆ ಹಾಕುವ ಸಿಒಟು (ಇಂಗಾಲದ ಡೈಆಕ್ಸೈಡ್) ಮೀಟರ್, ಗಾಳಿ ಸಾಗಿಸುವ ಡಕ್ಟ್ ಒಳಗೆ ಕೂರುವ ಸೆನ್ಸರ್, ಗಾಳಿಯ ಹರಿವನ್ನೇ ಅಳೆಯುವ ಉಪಕರಣ, ಫ್ಯಾನ್ ಓಡುತ್ತಿದೆಯೇ ಎಂದು ನೋಡುವ ಕರೆಂಟ್ ಸೆನ್ಸರ್, ಕಿಟಕಿ ತೆರೆದಿದೆಯೇ ಎಂದು ಹೇಳುವ ಸ್ವಿಚ್. ಎಲ್ಲವೂ ಕೆಲಸ ಮಾಡುವ ಸಾಮಾನೇ. ಆದರೆ ಬೆಂಗಳೂರಿನ ಒಣ ಹವೆಗೆ ಬರೆದ ಪಟ್ಟಿಯನ್ನೇ ಕಾರವಾರಕ್ಕೂ ಕುಮಟೆಗೂ ಕಳಿಸುತ್ತಾರಲ್ಲ, ತೊಂದರೆ ಶುರುವಾಗುವುದು ಅಲ್ಲಿ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ, ಕಬ್ಬಿಣವನ್ನು ಉಪ್ಪುಗಾಳಿ ತಿನ್ನುವ ಊರಿನಲ್ಲಿ ಆಯ್ಕೆಯ ಕ್ರಮವೇ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಳಿ ಯಾವ ದಾರಿಯಿಂದ ಒಳಗೆ ಬರುತ್ತದೆ ಎಂದು ನೋಡಿ, ಆ ದಾರಿಗೆ ತಕ್ಕ ಅಳತೆಯನ್ನು ಆರಿಸಿಕೊಳ್ಳಿ. ಯಾವುದನ್ನೇ ಆರಿಸಿದರೂ ಅದರ ಪಕ್ಕದಲ್ಲಿ ತೇವಾಂಶದ ಅಳತೆ ಇರಲಿ. ನಮ್ಮ ಕಡೆ ಹೊರಗಾಳಿ ಕಡಿಮೆಯಾದರೆ ತಲೆ ಭಾರವಾಗುತ್ತದೆ, ಹೆಚ್ಚಾದರೆ ಕಪಾಟಿನ ಕಡತಗಳಿಗೆ ಬೂಷ್ಟು ಹಿಡಿಯುತ್ತದೆ. ಎರಡೂ ಕಡೆ ಕಾವಲು ಬೇಕು.

ಪ್ರಮಾಣಪತ್ರ ಕೇಳುವುದೇನು

ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಅಮೆರಿಕದ ಲೀಡ್ ಪದ್ಧತಿಯ 2009ರ ಆವೃತ್ತಿಯಲ್ಲಿ ಹೊರಗಾಳಿಯ ನಿಗಾ ಎಂಬುದಕ್ಕೇ ಒಂದು ಅಂಕ ಇತ್ತು. ಆಮೇಲೆ ಬಂದ ನಾಲ್ಕನೇ ಆವೃತ್ತಿ ಅದನ್ನು ಕಡ್ಡಾಯದ ಸಾಲಿಗೆ ಸೇರಿಸಿತು. ಗಾಳಿಯ ಪ್ರಮಾಣ ಏರಿಳಿಯುವ ಯಂತ್ರವ್ಯವಸ್ಥೆ ಇದ್ದರೆ ಹೊರಗಾಳಿಯ ಹರಿವನ್ನು ನೇರವಾಗಿ ಅಳೆಯಬೇಕು. ಅಳತೆಯ ತಪ್ಪು ಶೇ. 10ರೊಳಗಿರಬೇಕು, ಹರಿವು ನಿಗದಿಗಿಂತ ಶೇ. 15 ಆಚೀಚೆಯಾದರೆ ಅಲಾರಂ ಬರಬೇಕು. ಒಂದೇ ಪ್ರಮಾಣದಲ್ಲಿ ಓಡುವ ವ್ಯವಸ್ಥೆಗೆ ಇಷ್ಟು ಬಿಗಿಯಿಲ್ಲ. ಒಮ್ಮೆ ಸರಿಯಾಗಿ ಹೊಂದಿಸಿ, ಫ್ಯಾನ್ ಓಡುತ್ತಿದೆಯೆಂದು ತೋರಿಸುವ ಕರೆಂಟ್ ಸೆನ್ಸರನ್ನೋ ಏರ್‌ಫ್ಲೋ ಸ್ವಿಚ್ಚನ್ನೋ ಹಾಕಿದರೆ ಸಾಕು. ಕಿಟಕಿಯಿಂದ ಗಾಳಿ ಬರುವ ಕಟ್ಟಡಕ್ಕೆ ಮೂರು ದಾರಿ ಬಿಟ್ಟಿದ್ದಾರೆ: ಹೊರಹೋಗುವ ಗಾಳಿಯ ಹರಿವನ್ನು ಅಳೆಯುವುದು, ಕಿಟಕಿ ಮುಚ್ಚಿದರೆ ಸೂಚನೆ ಕೊಡುವ ಸಾಧನ, ಇಲ್ಲವೇ ಪ್ರತಿ ವಲಯದಲ್ಲಿ ಸಿಒಟು ಮೀಟರ್. ಮೀಟರ್ ನೆಲದಿಂದ 3ರಿಂದ 6 ಅಡಿ ಎತ್ತರದಲ್ಲಿರಬೇಕು, ಅಂದರೆ ಕೂತವರ, ನಿಂತವರ ಮೂಗಿನ ಮಟ್ಟ.

ನಮ್ಮ ದೇಶದ ಹಸಿರು ಕಟ್ಟಡ ಮಂಡಳಿ ಐಜಿಬಿಸಿಯ ಲೆಕ್ಕ ಇನ್ನೂ ಸರಳ. ಜನ ನಿತ್ಯ ಕೂರುವ ಜಾಗಗಳಲ್ಲಿ ಒಳಗಿನ ಸಿಒಟು ಹೊರಗಿನದಕ್ಕಿಂತ 530 ಪಿಪಿಎಂಗೂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 530 ಪಾಲು) ಹೆಚ್ಚಾಗಬಾರದು. ಈ 530 ಎಲ್ಲಿಂದ ಬಂತು ಎಂದು ಸಣ್ಣ ಲೆಕ್ಕದಲ್ಲೇ ನೋಡಬಹುದು. ಕುಳಿತು ಕೆಲಸ ಮಾಡುವ ವಯಸ್ಕರೊಬ್ಬರು ಗಂಟೆಗೆ ಸುಮಾರು 18–19 ಲೀಟರ್ ಸಿಒಟು ಹೊರಬಿಡುತ್ತಾರೆ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಕೊಟ್ಟರೆ ಒಳಗಿನ ಮಟ್ಟ ಹೊರಗಿನದಕ್ಕಿಂತ ಸುಮಾರು 520 ಪಿಪಿಎಂ ಮೇಲೆ ಬಂದು ನಿಲ್ಲುತ್ತದೆ. ಏಳೂವರೆ ಲೀಟರ್ ಕೊಟ್ಟರೆ 700ರ ಹತ್ತಿರ. ಹೊರಗಿನ ಗಾಳಿಯಲ್ಲೇ ಈಗ 420ಕ್ಕೂ ಹೆಚ್ಚು ಇರುವುದರಿಂದ, ಮೀಟರ್ 950 ತೋರಿಸುವವರೆಗೆ ಐಜಿಬಿಸಿ ಲೆಕ್ಕದಲ್ಲಿ ನೀವು ಗಡಿಯ ಒಳಗೇ ಇದ್ದೀರಿ. ಇದು ವಿಷದ ಮಟ್ಟ ಅಲ್ಲ. ಸಿಒಟು ವಿಷವಾಗುವ ಮಟ್ಟ 1000 ಪಿಪಿಎಂಗಿಂತ ಬಹಳ ಮೇಲಿದೆ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂಬುದರ ಸುಳಿವು ಅದು, ಅಷ್ಟೇ.

ಅಳೆಯುವ ಮೊದಲು: ಗಾಳಿ ಬರುತ್ತಿದೆಯೇ?

ಉತ್ತರ ಕನ್ನಡ ಜಿಲ್ಲೆಯಲ್ಲಿ ನಾನು ಒಳಹೊಕ್ಕು ನೋಡಿದ ಎಸಿ ಕಟ್ಟಡಗಳಲ್ಲಿ ಬಹುಪಾಲು ಸ್ಪ್ಲಿಟ್ ಎಸಿಯವು. ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಗುಟುಕು ಗಾಳಿಯನ್ನೂ ತರುವುದಿಲ್ಲ. ಒಳಗಿನದನ್ನೇ ಎಳೆದು, ತಂಪು ಮಾಡಿ, ಮತ್ತೆ ಒಳಗೇ ಬಿಡುತ್ತದೆ. ಹೊರಗೆ ಇರುವ ಡಬ್ಬಿಗೂ ಒಳಗಿನ ಡಬ್ಬಿಗೂ ನಡುವೆ ಓಡಾಡುವುದು ಗ್ಯಾಸು, ಗಾಳಿಯಲ್ಲ. ಇದನ್ನು ಹೇಳಿದರೆ ಕಟ್ಟಡದ ಮಾಲೀಕರು ಈಗಲೂ ಹುಬ್ಬೇರಿಸುತ್ತಾರೆ.

150 ಘನ ಮೀಟರ್‌ನ ಕೋಣೆ, ಹತ್ತು ಜನ, ಬಾಗಿಲು ಕಿಟಕಿ ಬಿಗಿ ಎಂದಿಟ್ಟುಕೊಳ್ಳಿ. ಗಾಳಿ ಎಲ್ಲೂ ಸೋರದಿದ್ದರೆ ಒಂದೇ ಗಂಟೆಯಲ್ಲಿ ಸಿಒಟು 1200 ಪಿಪಿಎಂಗೂ ಹೆಚ್ಚು ಏರುತ್ತದೆ. ನಿಜದಲ್ಲಿ ಬಾಗಿಲ ಸಂದಿ, ಗ್ರಾಹಕರ ಓಡಾಟ ಎಲ್ಲ ಸೇರಿ ಸ್ವಲ್ಪ ತಗ್ಗುತ್ತದೆ. ಇಂಥ ಕಟ್ಟಡಕ್ಕೆ ಎಷ್ಟು ದುಬಾರಿ ಮೀಟರ್ ಹಾಕಿದರೂ ಅದು ದಿನವಿಡೀ ಕೆಂಪು ದೀಪ ತೋರಿಸುತ್ತದೆ, ಹದಿನೈದು ದಿನಕ್ಕೆ ಯಾರೋ ಅದರ ವೈರ್ ಕಿತ್ತಿಡುತ್ತಾರೆ. ಆದ್ದರಿಂದ ಸ್ಪ್ಲಿಟ್ ಎಸಿ ಕಟ್ಟಡದವರು ಮೀಟರ್‌ಗೆ ಎತ್ತಿಟ್ಟ ಹಣವನ್ನು ಮೊದಲು ಫಿಲ್ಟರ್ ಇರುವ ಫ್ರೆಶ್ ಏರ್ ಫ್ಯಾನಿಗೆ ಹಾಕಲಿ. ಹಣ ಇದ್ದರೆ ಹೋಗುವ ಗಾಳಿಯಿಂದ ತಂಪನ್ನೂ ಒಣತನವನ್ನೂ ಬರುವ ಗಾಳಿಗೆ ದಾಟಿಸುವ ಇಆರ್‌ವಿ ಯಂತ್ರ ಇನ್ನೂ ಒಳ್ಳೆಯದು. ಅಳತೆ ಆಮೇಲಿನ ಮಾತು.

ಗೋಡೆಯ ಮೀಟರ್, ಡಕ್ಟಿನ ಸೆನ್ಸರ್

ಸಭಾಂಗಣ, ತರಗತಿ, ತರಬೇತಿ ಕೊಠಡಿ, ಹೊರರೋಗಿಗಳು ಕಾಯುವ ಜಾಗ: ಜನ ಹೆಚ್ಚು, ಸಂಖ್ಯೆ ಗಂಟೆಗೊಂದು ಥರ. ಇಲ್ಲೆಲ್ಲ ಗೋಡೆಯ ಸಿಒಟು ಮೀಟರಿಗೆ ಸಾಟಿ ಬೇರೆ ಇಲ್ಲ. ಆದರೆ ಮೀಟರ್ ಎಂದು ಮಾರುವುದೆಲ್ಲ ಸಿಒಟು ಅಳೆಯುವುದಿಲ್ಲ ಎಂಬುದು ನೆನಪಿರಲಿ.

ಕೊಳ್ಳಬೇಕಾದದ್ದು ಎನ್‌ಡಿಐಆರ್ ಬಗೆಯದು. ಸಿಒಟು ಅಣುಗಳು 4.26 ಮೈಕ್ರಾನ್ ಅಲೆಯುದ್ದದ ಅವಗೆಂಪು ಬೆಳಕನ್ನು ಹೀರುತ್ತವೆ; ಎಷ್ಟು ಬೆಳಕು ಕಡಿಮೆಯಾಯಿತು ಎಂಬುದರಿಂದ ಮೀಟರ್ ಲೆಕ್ಕ ಹಾಕುತ್ತದೆ. ಅಗ್ಗದ ಡಬ್ಬಿಗಳಲ್ಲಿ ಇರುವುದು ಬೇರೆಯೇ ಸೆನ್ಸರ್. ಅದು ಗಾಳಿಯಲ್ಲಿನ ಆವಿ, ವಾಸನೆಯ ರಾಸಾಯನಿಕಗಳನ್ನು ಮೂಸಿ ನೋಡಿ 'ಸಿಒಟು ಇಷ್ಟಿರಬಹುದು' ಎಂದು ಊಹಿಸುತ್ತದೆ. ಪೆಟ್ಟಿಗೆಯ ಮೇಲೆ ಇಸಿಒಟು ಎಂದು ಬರೆದಿರುತ್ತಾರೆ. ಬೆಳಿಗ್ಗೆ ನೆಲಕ್ಕೆ ಫಿನಾಯಿಲ್ ಹಾಕಿದರೆ, ಕ್ಯಾಷ್ ಕೌಂಟರಿನ ಮೇಲಿನ ಗಣಪತಿಗೆ ಊದುಬತ್ತಿ ಹಚ್ಚಿದರೆ, ಪಕ್ಕದ ಕ್ಯಾಂಟೀನಿನಲ್ಲಿ ಬಂಗಡೆ ಹುರಿದರೆ ಅದರ ಅಂಕಿ ಎರಡು ಸಾವಿರ ದಾಟುತ್ತದೆ. ಖಾಲಿ ಕೋಣೆಯಲ್ಲಿ! ಪ್ರಮಾಣಪತ್ರಕ್ಕೆ ಇದು ನಡೆಯುವುದಿಲ್ಲ. ಲೀಡ್ ಒಪ್ಪುವ ತಪ್ಪು 75 ಪಿಪಿಎಂ ಅಥವಾ ಅಂಕಿಯ ಶೇ. 5, ಎರಡರಲ್ಲಿ ದೊಡ್ಡದು ಯಾವುದೋ ಅಷ್ಟು. ಎನ್‌ಡಿಐಆರ್ ಮೀಟರಿಗೆ ಅದು ಕಷ್ಟವಲ್ಲ.

ಎನ್‌ಡಿಐಆರ್ ಒಳಗೂ ಒಂದು ಆಯ್ಕೆ ಇದೆ, ಮಾರುವವರು ಅದನ್ನು ತಾವಾಗಿ ಹೇಳುವುದು ಕಡಿಮೆ. ಹೆಚ್ಚಿನ ಮೀಟರ್‌ಗಳು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಒಂದು ವಾರದ ಆಸುಪಾಸಿನಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಹೊರಗಾಳಿಯ ಮಟ್ಟ ಎಂದು ನಂಬಿ, ಉಳಿದ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತವೆ. ಸಂಜೆ ಬೀಗ ಹಾಕಿ ಭಾನುವಾರ ರಜೆ ಇರುವ ಶಾಲೆ, ಬ್ಯಾಂಕು, ತಾಲ್ಲೂಕು ಕಚೇರಿಗಳಿಗೆ ಇದು ಸರಿಹೋಗುತ್ತದೆ. ಆಸ್ಪತ್ರೆಯ ವಾರ್ಡು, ಗೋಕರ್ಣ ಮುರ್ಡೇಶ್ವರದ ಕಡೆಯ ವರ್ಷವಿಡೀ ತುಂಬಿರುವ ವಸತಿಗೃಹ, ಮೂರು ಪಾಳಿಯ ನಿಯಂತ್ರಣ ಕೊಠಡಿ ಇಂಥಲ್ಲಿ ಕೋಣೆ ಎಂದೂ ಖಾಲಿಯಾಗುವುದಿಲ್ಲ. ಅಲ್ಲಿಯ ಮೀಟರ್ 650ನ್ನೇ ಹೊರಗಾಳಿ ಎಂದುಕೊಂಡು, ಆಮೇಲೆ ಎಲ್ಲ ಅಂಕಿಯನ್ನೂ ಇನ್ನೂರು ಮುನ್ನೂರು ಕಡಿಮೆ ತೋರಿಸುತ್ತಾ ಹೋಗುತ್ತದೆ. ಪರದೆಯ ಮೇಲೆ ಎಲ್ಲ ಹಸಿರು, ಒಳಗೆ ಉಸಿರುಗಟ್ಟು. ಇಂಥ ಕಟ್ಟಡಕ್ಕೆ ಎರಡು ಕಿರಣದ (ಒಂದು ಸಿಒಟು ಅಳೆಯಲು, ಇನ್ನೊಂದು ಹೋಲಿಸಿ ನೋಡಲು) ಎನ್‌ಡಿಐಆರ್ ಕೇಳಿ, ತಾನಾಗಿ ಸರಿಪಡಿಸಿಕೊಳ್ಳುವ ಸೌಲಭ್ಯವನ್ನು ಬಂದ್ ಮಾಡಿಸಿ, ಕೈಯಾರೆ ಹೊಂದಿಸುವ ಕ್ರಮ ಇಟ್ಟುಕೊಳ್ಳಿ.

ಕೈಯಾರೆ ಹೊಂದಿಸಲು ಹೊತ್ತೂ ಮುಖ್ಯ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಮಧ್ಯಾಹ್ನ ಕಡಲ ಗಾಳಿ ಬೀಸತೊಡಗಿದ ಮೇಲೆ ಮೀಟರನ್ನು ಹೊರಗಿಟ್ಟು ನೋಡಿ, ಅದಕ್ಕಿಂತ ಶುದ್ಧ ಅಂಕಿ ಸಿಗುವುದು ಕಷ್ಟ. ಘಟ್ಟದ ಮೇಲೆ ಹಾಗಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡು ತೋಟಗಳ ನಡುವೆ ರಾತ್ರಿ ಗಾಳಿ ಅಲುಗದೆ ನಿಂತಾಗ ಗಿಡಮರ, ಮಣ್ಣು ಎರಡೂ ಬಿಡುವ ಸಿಒಟು ನೆಲದ ಹತ್ತಿರವೇ ತಂಗುತ್ತದೆ. ಬೆಳಗಿನ ಮಂಜಿನಲ್ಲಿ ಹೊರಗಿನ ಅಂಕಿಯೇ 420ನ್ನು ದಾಟಿ ಸಾಕಷ್ಟು ಮೇಲಿದ್ದರೆ ಅದು ಮೀಟರಿನ ದೋಷ ಇರಲಿಕ್ಕಿಲ್ಲ. ಬಿಸಿಲೇರಿ ಗಾಳಿ ಕದಲಿದ ಮೇಲೆ ಇನ್ನೊಮ್ಮೆ ನೋಡಿ.

ಇನ್ನು ಡಕ್ಟಿನ ಸೆನ್ಸರ್. ಹಲವು ಕೋಣೆಗಳಿಂದ ಮರಳುವ ಗಾಳಿಯ ಡಕ್ಟಿನಲ್ಲಿ ಒಂದೇ ಸೆನ್ಸರ್ ಹಾಕಿದರೆ ದುಡ್ಡು ಉಳಿಯುತ್ತದೆ, ಐಜಿಬಿಸಿಯ ಹಾದಿಯಲ್ಲಿ ಅದಕ್ಕೆ ಜಾಗವೂ ಇದೆ. ಲೀಡ್ ಕೇಳುವುದು ಮೂಗಿನ ಮಟ್ಟದ ಅಳತೆ, ಹಾಗಾಗಿ ಅಲ್ಲಿ ನಡೆಯದು. ಪ್ರಮಾಣಪತ್ರದ ಮಾತು ಬಿಟ್ಟರೂ ನನಗೆ ಇದು ಹಿಡಿಸುವುದಿಲ್ಲ. ಮೂರು ಖಾಲಿ ಕೋಣೆಯ ಗಾಳಿ ಸೇರಿ, ನಾಲ್ಕನೆಯದರಲ್ಲಿ ಕಿಕ್ಕಿರಿದು ಕೂತವರ ಕಷ್ಟವನ್ನು ಸರಾಸರಿಯಲ್ಲಿ ಮುಳುಗಿಸಿಬಿಡುತ್ತದೆ.

ಸಿಒಟು ಅಳತೆಗೆ ಎರಡು ಮಿತಿ ಉಂಟು. ಒಂದು, ಅದು ನಿಧಾನ. ಗಂಟೆಗೆ ಒಂದು ಸಲ ಕೋಣೆಯ ಗಾಳಿ ಬದಲಾಗುವಂತಿದ್ದರೆ ಸಿಒಟು ತನ್ನ ಕೊನೆಯ ಮಟ್ಟದ ಶೇ. 95 ಮುಟ್ಟಲು ಮೂರು ಗಂಟೆ ಬೇಕು. ಮುಕ್ಕಾಲು ಗಂಟೆಯ ಮೀಟಿಂಗಿನಲ್ಲಿ ಮೀಟರ್ ಹಸಿರಾಗಿಯೇ ಉಳಿದರೆ ಗಾಳಿ ಸಾಕಷ್ಟಿದೆ ಎಂದಲ್ಲ, ಏರಲು ಸಮಯ ಸಿಕ್ಕಿಲ್ಲ ಎಂದು. ಎರಡನೆಯದು ಇನ್ನೂ ಮುಖ್ಯ. ಅದು ಜನರನ್ನು ಮಾತ್ರ ನೋಡುತ್ತದೆ. ಹೊಸ ಪ್ಲೈವುಡ್, ಫೆವಿಕಾಲ್, ಪೇಂಟ್ ಘಾಟು ತುಂಬಿದ ದೊಡ್ಡ ಆಫೀಸಿನಲ್ಲಿ ನಾಲ್ಕು ಜನ ಕೂತಿದ್ದರೆ ಹೊರಗಾಳಿ ಪೂರ್ತಿ ನಿಂತರೂ ಸಿಒಟು ಮೆಲ್ಲಗೆ ಏರುತ್ತದೆ. ಎಸಿ, ಗಾಳಿ ವ್ಯವಸ್ಥೆಗಳ ಎಂಜಿನಿಯರುಗಳ ಆಶ್ರೇ ಸಂಸ್ಥೆಯ 62.1 ಮಾನದಂಡ ಆಫೀಸಿಗೆ ತಲೆಗೆ ಸೆಕೆಂಡಿಗೆ ಎರಡೂವರೆ ಲೀಟರ್ ಮಾತ್ರವಲ್ಲದೆ ನೆಲದ ಪ್ರತಿ ಚದರ ಮೀಟರಿಗೆ 0.3 ಲೀಟರ್ ಬೇರೆಯಾಗಿ ಕೇಳುವುದು ಇದಕ್ಕೇ. ಜನ ವಿರಳವಿರುವ ಜಾಗದಲ್ಲಿ ಗಾಳಿಯನ್ನೇ ಅಳೆಯಬೇಕು.

ಹರಿವನ್ನೇ ಅಳೆಯುವುದಾದರೆ

ಎಎಚ್‌ಯು (ಗಾಳಿಯನ್ನು ತಣಿಸಿ ಡಕ್ಟಿನ ಮೂಲಕ ಹಂಚುವ ದೊಡ್ಡ ಯಂತ್ರ) ಇರುವ ಆಸ್ಪತ್ರೆ, ಸಭಾಭವನ, ದೊಡ್ಡ ಆಡಳಿತ ಕಚೇರಿಗಳಲ್ಲಿ ಹೊರಗಾಳಿ ಒಂದು ಬಾಯಿಯಿಂದ ಒಳಗೆ ಬರುತ್ತದೆ. ಅಲ್ಲೇ ಕಾವಲು ಕೂರಿಸುವುದು ನೇರವಾದ ದಾರಿ. ಆಯ್ಕೆ ಇಲ್ಲೇ ಕಠಿಣ, ಕರಾವಳಿ ತನ್ನ ಕೈಚಳಕ ತೋರಿಸುವುದೂ ಇಲ್ಲೇ.

ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಡಕ್ಟಿನ ಬಾಗಿಲು, ಅಂದರೆ ಡ್ಯಾಂಪರ್, ಎಷ್ಟು ತೆರೆದಿದೆ ಎಂಬುದನ್ನು ನೋಡಿ ಗಾಳಿ ಇಷ್ಟು ಎಂದು ಹೇಳುವ ಅಭ್ಯಾಸವನ್ನು ಮೊದಲು ಬಿಡಬೇಕು. ಎರಡು ಮಳೆಗಾಲ ಕಂಡ ಡ್ಯಾಂಪರಿನ ಕೀಲು ತುಕ್ಕು ಹಿಡಿದು ನಿಂತಿರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಶೇ. 40 ತೆರೆದಿದೆ ಎಂದು ಬರುತ್ತಲೇ ಇರುತ್ತದೆ. ಕೀಲು ಸರಿಯಿದ್ದರೂ ಗಾಳಿಯ ಒತ್ತಡ ಆಟ ಆಡುತ್ತದೆ. ಪಡುವಣ ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಗೋಡೆಗೆ ಬಡಿದರೆ ಸುಮಾರು 60 ಪಾಸ್ಕಲ್ ಒತ್ತಡ ಹುಟ್ಟುತ್ತದೆ. ಲೂವರ್ (ಗಾಳಿಬಾಯಿಯ ಓರೆ ಪಟ್ಟಿಗಳು), ಫಿಲ್ಟರ್ ದಾಟಲು ಬೇಕಾದ ಒತ್ತಡಕ್ಕೆ ಇದು ಸರಿಸಮ. ಹಾಗಾಗಿ ಸಮುದ್ರಕ್ಕೆ ಮುಖ ಮಾಡಿದ ಬಾಯಿಯಿಂದ ಜುಲೈಯಲ್ಲಿ ಬರುವ ಗಾಳಿಗೂ ಜನವರಿಯಲ್ಲಿ ಬರುವ ಗಾಳಿಗೂ ಸಂಬಂಧವೇ ಇರುವುದಿಲ್ಲ, ಡ್ಯಾಂಪರ್ ಅಲುಗದೇ ಇದ್ದರೂ.

ಉಷ್ಣತೆಯಿಂದ ಲೆಕ್ಕ ಹಾಕುವ ಇನ್ನೊಂದು ಅಗ್ಗದ ವಿಧಾನ ಇದೆ. ಹೊರಗಾಳಿ, ಮರಳುವ ಗಾಳಿ, ಎರಡೂ ಬೆರೆತ ಗಾಳಿ, ಮೂರರ ಉಷ್ಣತೆ ನೋಡಿ ಹೊರಗಾಳಿಯ ಪಾಲು ತಿಳಿಯುವುದು. ದೆಹಲಿಯ ಜನವರಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಇಲ್ಲಿ ಮಳೆಗಾಲದಲ್ಲಿ ಹೊರಗೆ 28 ಡಿಗ್ರಿ, ಒಳಗೆ 25. ಐದನೇ ಒಂದು ಪಾಲು ಹೊರಗಾಳಿ ಬೆರೆತರೆ ಉಷ್ಣತೆ ಏರುವುದು 0.6 ಡಿಗ್ರಿ. ಸೆನ್ಸರಿನ ತಪ್ಪೇ ಅರ್ಧ ಡಿಗ್ರಿ ಇರುವಾಗ ಆ ಲೆಕ್ಕದಲ್ಲಿ ಉಳಿಯುವುದೇನು? ಕರಾವಳಿಗೆ ಇದನ್ನು ಸೂಚಿಸುವವರಿಗೆ ನಮಸ್ಕಾರ ಹೇಳಿ ಕಳಿಸಿ.

ಉಳಿದದ್ದು ಎರಡು: ಪಿಟೋ ನಳಿಗೆಗಳ ಸಾಲು ಮತ್ತು ಬಿಸಿಮಣಿಯ ಸೆನ್ಸರ್. ಪಿಟೋ ನಳಿಗೆ ಗಾಳಿಯ ವೇಗದಿಂದ ಹುಟ್ಟುವ ಒತ್ತಡವನ್ನು ಅಳೆಯುತ್ತದೆ. ಆ ಒತ್ತಡ ವೇಗದ ವರ್ಗದಂತೆ ಬದಲಾಗುತ್ತದೆ: ಸೆಕೆಂಡಿಗೆ 5 ಮೀಟರ್ ವೇಗದಲ್ಲಿ 15 ಪಾಸ್ಕಲ್, 2 ಮೀಟರ್‌ನಲ್ಲಿ 2.4, ಒಂದು ಮೀಟರ್‌ನಲ್ಲಿ ಬರೀ 0.6. ಮಳೆನೀರು ಒಳಗೆ ಬರಬಾರದೆಂದು ಹೊರಗಾಳಿಯ ಬಾಯಿಯನ್ನು ಅಗಲ ಮಾಡಿ ವೇಗ ತಗ್ಗಿಸಿರುತ್ತಾರಲ್ಲ, ಅಲ್ಲಿ ವೇಗ 2 ಮೀಟರ್ ಆಸುಪಾಸೇ. 250 ಪಾಸ್ಕಲ್ ವ್ಯಾಪ್ತಿಯ, ಶೇ. 1 ತಪ್ಪಿನ ಸಾಮಾನ್ಯ ಟ್ರಾನ್ಸ್‌ಮಿಟರ್ (ಒತ್ತಡವನ್ನು ಅಂಕಿಯಾಗಿ ಕಳಿಸುವ ಸಾಧನ) ಜೋಡಿಸಿದರೆ ತಪ್ಪೇ 2.5 ಪಾಸ್ಕಲ್. ಅಳೆಯಬೇಕಾದದ್ದು 2.4! ಪಿಟೋ ಹಾಕಲೇಬೇಕಿದ್ದರೆ ಡಕ್ಟ್ ಕಿರಿದಾಗಿ ವೇಗ ಹೆಚ್ಚಿರುವ ಕಡೆ, ಕಡಿಮೆ ವ್ಯಾಪ್ತಿಯ ಟ್ರಾನ್ಸ್‌ಮಿಟರ್ ಜೊತೆ ಹಾಕಬೇಕು.

ಪಿಟೋಗೆ ನಮ್ಮ ಕಡೆ ಇನ್ನೊಬ್ಬ ಶತ್ರು ಇದ್ದಾನೆ, ಕುಂಬಾರ ಹುಳು. ಬೆರಳು ತೂರದ ತೂತು ಕಂಡರೆ ಮಣ್ಣು ತಂದು ಮೆತ್ತಿ ಮರಿಗೆ ಮನೆ ಮಾಡುತ್ತದೆ. ನಿಂತ ವಿಮಾನಗಳ ಪಿಟೋ ನಳಿಗೆಗಳನ್ನೇ ಬಿಡದ ಜಾತಿ ಇದು. ಮಳೆ ನಿಂತ ಮೇಲೆ ಒಮ್ಮೆ ತೂತುಗಳನ್ನೆಲ್ಲ ಊದಿ ನೋಡದಿದ್ದರೆ ಅರ್ಧ ಸಾಲು ಮುಚ್ಚಿಹೋಗಿರುತ್ತದೆ. ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಇರಲಿ. ಸ್ಟೀಲ್ ಎಂದರೆ 316 ದರ್ಜೆಯದು, 304 ಕಡಲಂಚಿಗೆ ಸಾಲದು.

ಬಿಸಿಮಣಿಯ ಸೆನ್ಸರ್ ಬೇರೆ ಹಾದಿ ಹಿಡಿಯುತ್ತದೆ. ಪುಟ್ಟ ಮಣಿಯೊಂದನ್ನು ಬಿಸಿಯಾಗಿಟ್ಟು, ಹರಿಯುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂದು ನೋಡಿ ವೇಗ ಹೇಳುತ್ತದೆ. ವೇಗ ಅರ್ಧ ಮೀಟರ್‌ಗೆ ಇಳಿದರೂ ನಂಬಬಹುದು, ಹೊರಗಾಳಿಯ ಬಾಯಿಗೆ ಹೇಳಿ ಮಾಡಿಸಿದಂತಿದೆ. ಆದರೆ ಇರಚಲು ನೀರಿನ ಒಂದು ಹನಿ ಮಣಿಯ ಮೇಲೆ ಕೂತರೆ ಅದು ಗಾಳಿಗಿಂತ ಜೋರಾಗಿ ತಣಿಸುತ್ತದೆ, ಅಂಕಿ ಮೇಲಕ್ಕೆ ಹಾರುತ್ತದೆ. ಹೊರಗಾಳಿ ಹೆಚ್ಚಾಯಿತೆಂದು ವ್ಯವಸ್ಥೆ ಡ್ಯಾಂಪರ್ ಮುಚ್ಚುತ್ತದೆ. ಹೊರಗೆ ಮಳೆ ಸುರಿಯುತ್ತಿದ್ದಾಗ, ಒಳಗೆ ಎಲ್ಲ ಕಿಟಕಿ ಮುಚ್ಚಿ ಜನ ತುಂಬಿದ್ದಾಗಲೇ ಇದು ನಡೆಯುವುದು. ಪರಿಹಾರ ಜಾಗದಲ್ಲಿದೆ. ಮಳೆ ತಡೆಯುವ ಲೂವರ್, ಅದರ ಹಿಂದೆ ಫಿಲ್ಟರ್, ಅದರ ಹಿಂದೆ ಒಂದಿಷ್ಟು ನೇರ ಡಕ್ಟ್, ಆಮೇಲೆ ಸೆನ್ಸರ್. ಬಾಯಿಯೇ ಪಶ್ಚಿಮದ ಗೋಡೆ ಬಿಟ್ಟು ಉತ್ತರಕ್ಕೋ ಪೂರ್ವಕ್ಕೋ ಇದ್ದರೆ ಅರ್ಧ ತಾಪತ್ರಯ ಕಡಿಮೆ. ನಕ್ಷೆಯ ಹಂತದಲ್ಲೇ ಇದನ್ನು ಹೇಳುವವರು ಬೇಕು.

ಎರಡರಲ್ಲಿ ನಾನು ಕರಾವಳಿಗೆ ಆರಿಸುವುದು ಬಿಸಿಮಣಿಯದನ್ನು, ಡಕ್ಟಿನಲ್ಲಿ ಅಷ್ಟು ನೇರ ಜಾಗ ಇದ್ದರೆ. ಬೆಲೆ ಲಕ್ಷದ ಮಾತು. ಒಂದೇ ವೇಗದಲ್ಲಿ ಓಡುವ ಸಣ್ಣ ಫ್ರೆಶ್ ಏರ್ ಫ್ಯಾನಿಗೆ ಇಷ್ಟೆಲ್ಲ ಬೇಡ, ಕರೆಂಟ್ ಸೆನ್ಸರ್ ಸಾಕು. ಆದರೂ ಅದಕ್ಕಿಂತ ಏರ್‌ಫ್ಲೋ ಸ್ವಿಚ್ ಮೇಲು. ಬೆಲ್ಟ್ ಕಡಿದುಹೋದ ಫ್ಯಾನಿನ ಮೋಟಾರ್ ಕೂಡ ತಿರುಗುತ್ತಾ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ.

ತೇವದ ಲೆಕ್ಕ

ಬಯಲುಸೀಮೆಯ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದಿಲ್ಲ. ಜೂನ್ ತಿಂಗಳ ಕಾರವಾರ, 28 ಡಿಗ್ರಿ, ತೇವಾಂಶ ಶೇ. 90. ಪ್ರತಿ ಕಿಲೋ ಹೊರಗಾಳಿಯಲ್ಲಿ ಹತ್ತಿರ ಹತ್ತಿರ 22 ಗ್ರಾಂ ನೀರು. ಒಳಗೆ ಬೇಕಾದದ್ದು 25 ಡಿಗ್ರಿ, ಶೇ. 55, ಅಂದರೆ ಕಿಲೋಗೆ 11 ಗ್ರಾಂ. ಸೆಕೆಂಡಿಗೆ 100 ಲೀಟರ್ ಹೊರಗಾಳಿ ತಂದರೆ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ನೀರನ್ನೂ ಜೊತೆಗೆ ತಂದಂತೆ, ಅದನ್ನು ಎಸಿ ಹಿಂಡಿ ಹೊರಹಾಕಬೇಕು.

ಈಗ 100 ಚದರ ಮೀಟರ್‌ನ, 60 ಜನರ ತರಬೇತಿ ಕೊಠಡಿಯೊಂದನ್ನು ತೆಗೆದುಕೊಳ್ಳಿ. ಆಶ್ರೇಯ ತರಗತಿ ಲೆಕ್ಕದಲ್ಲಿ ತಲೆಗೆ 5 ಲೀಟರ್, ಚದರ ಮೀಟರಿಗೆ 0.6 ಲೀಟರ್, ಒಟ್ಟು ಸೆಕೆಂಡಿಗೆ 360 ಲೀಟರ್. ಗಂಟೆಗೆ 16 ಲೀಟರ್ ನೀರು. ಈ ಪ್ರಮಾಣದಲ್ಲಿ ಸಿಒಟು ಹೊರಗಿನದಕ್ಕಿಂತ 850–900 ಮೇಲೆ ನಿಲ್ಲುತ್ತದೆ, ಮೀಟರ್ 1300 ಆಸುಪಾಸು ತೋರಿಸುತ್ತದೆ. ಅದೇ ಕೋಣೆಯನ್ನು ಐಜಿಬಿಸಿಯ 530ರೊಳಗೆ ಇಡಬೇಕಾದರೆ ತಲೆಗೆ 10 ಲೀಟರ್, ಒಟ್ಟು 600. ನೀರು ಗಂಟೆಗೆ 26 ಲೀಟರ್ ದಾಟುತ್ತದೆ. ಒಂದು ಸಂಖ್ಯೆಯ ಆಯ್ಕೆ ಎಸಿ ಯಂತ್ರದ ಗಾತ್ರವನ್ನೇ ಬದಲಿಸುತ್ತದೆ. ಆ ಗಾತ್ರದ, ಗಾಳಿ ತಣಿಸಿ ತೇವ ಹಿಂಡುವ ಕಾಯಿಲ್ ಇಲ್ಲದ ಕಟ್ಟಡದಲ್ಲಿ ಸಿಒಟು ಮೀಟರಿನ ಮಾತು ಕೇಳಿ ಡ್ಯಾಂಪರ್ ಪೂರ್ತಿ ತೆರೆದರೆ ವಾರದೊಳಗೆ ಜಿಪ್ಸಮ್ ಸೀಲಿಂಗ್ ಮೇಲೆ ಕಪ್ಪು ಚುಕ್ಕೆ ಏಳುತ್ತವೆ.

ಮಾನದಂಡಕ್ಕಿಂತ ಶೇ. 30 ಹೆಚ್ಚು ಹೊರಗಾಳಿ ಕೊಟ್ಟು ಹೆಚ್ಚಿನ ಅಂಕ ಗಳಿಸುವ ಆಸೆ ತೋರಿಸುವವರೂ ಇದ್ದಾರೆ. ತೇವ ಹಿಂಡುವ ಪ್ರತ್ಯೇಕ ವ್ಯವಸ್ಥೆಯೋ ಇಆರ್‌ವಿಯೋ ಇಲ್ಲದೆ ಕರಾವಳಿಯಲ್ಲಿ ಆ ಅಂಕದ ಹಿಂದೆ ಬೀಳಬೇಡಿ. ಜನ ಬಂದಾಗ ಹೆಚ್ಚು, ಹೋದಾಗ ಕಡಿಮೆ ಎಂದು ಸಿಒಟು ನೋಡಿ ಗಾಳಿ ಬಿಡುವ ಪದ್ಧತಿ ಇಲ್ಲಿ ಕರೆಂಟ್ ಬಿಲ್ಲಿಗಿಂತ ಹೆಚ್ಚಾಗಿ ಗೋಡೆಗಳನ್ನು ಉಳಿಸುತ್ತದೆ. ಖಾಲಿ ಕೋಣೆಗೆ ರಾತ್ರಿಯಿಡೀ ಒದ್ದೆ ಗಾಳಿ ತುಂಬುವುದು ತಪ್ಪುತ್ತದೆ.

ಕಿಟಕಿಯ ಕಟ್ಟಡಗಳು

ಶಿರಸಿಯ ಕಡೆ ಎಸಿ ಇಲ್ಲದೆ ವರ್ಷದ ಬಹುಪಾಲು ಕಳೆಯಬಹುದು. ಹಂಚಿನ ಮಾಡು, ಎತ್ತರದ ಗೋಡೆ, ಎದುರುಬದುರು ಕಿಟಕಿ ಇರುವ ಶಾಲೆ, ಸಹಕಾರಿ ಸಂಘದ ಕಚೇರಿ, ಹೋಮ್‌ಸ್ಟೇಗಳಿಗೆ ಹಂಚಿನ ಸಂದಿಯಿಂದಲೇ ಒಂದಷ್ಟು ಗಾಳಿ ನುಸುಳುತ್ತದೆ. ಇಲ್ಲಿ ಹರಿವು ಅಳೆಯುವ ಉಪಕರಣಕ್ಕೆ ಕೆಲಸವಿಲ್ಲ.

ಕಿಟಕಿಗೆ ಮ್ಯಾಗ್ನೆಟ್ ಸ್ವಿಚ್ ಹಾಕುವ ದಾರಿ ಕಾಗದದ ಮೇಲೆ ಚೆಂದ, ಅಗ್ಗವೂ ಹೌದು. ಆದರೆ ಆಷಾಢದ ಗಾಳಿಮಳೆಯಲ್ಲಿ ಕಿಟಕಿ ಮುಚ್ಚಲೇಬೇಕು, ಇಲ್ಲದಿದ್ದರೆ ಇರಚಲು ಮೇಜಿನವರೆಗೂ ಬರುತ್ತದೆ. ತಿಂಗಳುಗಟ್ಟಲೆ ಅಲಾರಂ ಕೂಗುತ್ತದೆ. ಬೇಸಿಗೆಯಲ್ಲಿ ಕಿಟಕಿ ತೆರೆದಿದ್ದರೂ ಎಲೆ ಅಲುಗದ ಮಧ್ಯಾಹ್ನ ಗಾಳಿ ಬರುವುದಿಲ್ಲ, ಸ್ವಿಚ್ ಮಾತ್ರ ಎಲ್ಲ ಸರಿ ಎನ್ನುತ್ತದೆ. ಆದ್ದರಿಂದ ಕಿಟಕಿಯ ಕಟ್ಟಡಕ್ಕೆ ಪ್ರತಿ ದೊಡ್ಡ ಕೋಣೆಗೊಂದು ಎನ್‌ಡಿಐಆರ್ ಮೀಟರ್ ಹಾಕುವುದೇ ಸರಿ. ಕಿಟಕಿಯ ಪಕ್ಕಕ್ಕಲ್ಲ, ಬಾಗಿಲ ಹಿಂದೆಯೂ ಅಲ್ಲ, ಒಳಗೋಡೆಯ ನಡುವೆ. ಕೆಲವು ಸಾವಿರ ರೂಪಾಯಿಯ ಸಾಮಾನು. ಮಳೆಗಾಲಕ್ಕೆಂದು ಮಾಡಿನ ಅಂಚಿನ ಕೆಳಗೆ, ಇರಚಲು ತಾಗದ ಎತ್ತರದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಮೀಟರಿಗೆ ಜೋಡಿಸಿದರೆ ಕಿಟಕಿ ಮುಚ್ಚಿದ ದಿನಗಳೂ ಸಾಗುತ್ತವೆ.

ಘಟ್ಟದ ಮೇಲೆ ಇನ್ನೊಂದು ಪೇಚು ಇದೆ. ಕೊನೆಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಹಂಡೆಗಳ ಕೆಳಗೆ ಸಂಜೆಯಿಂದ ರಾತ್ರಿವರೆಗೆ ಒಲೆ ಉರಿಯುತ್ತದೆ. ಸಿಒಟು ಮೀಟರ್ ಕಿಟಕಿ ತೆರೆ ಎನ್ನುತ್ತದೆ, ಹೊಗೆ ಮುಚ್ಚು ಎನ್ನುತ್ತದೆ. ಊರ ನಡುವಿನ ಕಟ್ಟಡಕ್ಕೆ ಪಿಎಂ 2.5, ಅಂದರೆ ಹೊಗೆ ದೂಳಿನ ಸೂಕ್ಷ್ಮ ಕಣ, ಅಳೆಯುವ ಸೆನ್ಸರ್ ಜೊತೆಗಿದ್ದರೆ ಒಳ್ಳೆಯದು. ಅದೇ ಸೆನ್ಸರನ್ನು ಕಡಲಂಚಿನಲ್ಲಿ ಮಾತ್ರ ಹುಷಾರಾಗಿ ಓದಬೇಕು. ಅಗ್ಗದ ಪಿಎಂ ಸೆನ್ಸರ್ ಕಣದ ಮೇಲೆ ಬೆಳಕು ಚೆಲ್ಲಿ ಚದುರಿದ್ದನ್ನು ನೋಡುತ್ತದೆ, ಉಪ್ಪಿನ ಕಣ ತೇವ ಕುಡಿದು ಉಬ್ಬಿದರೆ ಅದನ್ನೂ ದೂಳು ಎಂದು ಎಣಿಸುತ್ತದೆ. ತೇವಾಂಶ ಶೇ. 80 ದಾಟಿದ ದಿನ ಅದರ ಅಂಕಿಯನ್ನು ಪೂರ್ತಿ ನಂಬಬೇಡಿ.

ಸೆನ್ಸರ್ ಕೂರಿಸದೆಯೂ ಒಂದು ಪರೀಕ್ಷೆ

ಸಣ್ಣ ಕಟ್ಟಡದವರು ದೊಡ್ಡ ಖರ್ಚಿಗೆ ಮೊದಲು ಇದನ್ನು ಮಾಡಿ ನೋಡಬಹುದು. ಒಂದು ಒಳ್ಳೆಯ ಕೈಮೀಟರ್ ಸಾಕು. ಜನ ತುಂಬಿದ್ದ ಕೋಣೆ ಖಾಲಿಯಾದ ಕೂಡಲೇ ಬಾಗಿಲು ಎಂದಿನಂತೆ ಇಟ್ಟು, ಫ್ಯಾನ್ ಎಂದಿನಂತೆ ಓಡಿಸಿ, ಸಿಒಟು ಇಳಿಯುವುದನ್ನು ಗಮನಿಸಿ. ಹೊರಗಿನದಕ್ಕಿಂತ ಹೆಚ್ಚಿದ್ದ ಭಾಗ ಶೇ. 37ಕ್ಕೆ ಇಳಿಯಲು ಹಿಡಿದ ಸಮಯದಲ್ಲಿ ಕೋಣೆಯ ಗಾತ್ರದಷ್ಟು ಹೊರಗಾಳಿ ಒಮ್ಮೆ ಒಳಗೆ ಬಂದಿದೆ ಎಂದು ಲೆಕ್ಕ. ಮೊದಲು 1400 ಇತ್ತು, ಹೊರಗೆ 420, ಹೆಚ್ಚಿದ್ದದ್ದು 980. ಅದು 360ರ ಹತ್ತಿರ ಬರುವಾಗ ಮೀಟರ್ 780 ತೋರಿಸುತ್ತದೆ. ಅದಕ್ಕೆ ಒಂದು ಗಂಟೆ ಹಿಡಿದರೆ ಗಂಟೆಗೊಂದು ಬದಲಾವಣೆ. ಕೋಣೆ 350 ಘನ ಮೀಟರ್ ಇದ್ದರೆ ಸೆಕೆಂಡಿಗೆ 97 ಲೀಟರ್ ಹೊರಗಾಳಿ, ಅಂದರೆ 60 ಜನರ ಕೋಣೆಗೆ ಬೇಕಾದ 360ರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ನಿತ್ಯದ ನಿಗಾಕ್ಕೆ ಇದು ಬದಲಿಯಲ್ಲ, ಪ್ರಮಾಣಪತ್ರವೂ ಒಪ್ಪುವುದಿಲ್ಲ. ಆದರೆ ಗೋಡೆಗೆ ಹಾಕಿದ ದುಬಾರಿ ಉಪಕರಣ ಹೇಳುವುದು ನಿಜವೇ ಎಂದು ನೋಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಾಡಿ. ಎರಡು ಉತ್ತರಗಳ ನಡುವಿನ ಅಂತರವೇ ನಿಮ್ಮ ಕಟ್ಟಡಕ್ಕೆ ಯಾವ ಅಳತೆ ಬೇಕೆಂದು ಹೇಳುತ್ತದೆ.

ಕೊಳ್ಳುವ ಕಾಗದದಲ್ಲಿ

ಕೊಟೇಶನ್ ಕೇಳುವಾಗ ಈ ಮಾತುಗಳನ್ನು ಬರೆದೇ ಕೊಡಿ. ಸಿಒಟು ಸೆನ್ಸರ್ ಎನ್‌ಡಿಐಆರ್ ಬಗೆಯದಿರಬೇಕು, ತಾನಾಗಿ ಸರಿಪಡಿಸಿಕೊಳ್ಳುವುದನ್ನು ಬಂದ್ ಮಾಡಲು ಬರಬೇಕು, ಪ್ರತಿ ಮೀಟರಿನಲ್ಲೂ ತೇವಾಂಶದ ಅಂಕಿ ಇರಬೇಕು. ಹರಿವಿನ ಉಪಕರಣವಾದರೆ ನಿಮ್ಮ ಡಕ್ಟಿನ ಕನಿಷ್ಠ ವೇಗದಲ್ಲಿ ಅದರ ತಪ್ಪೆಷ್ಟು ಎಂದು ಕೇಳಿ. ಗರಿಷ್ಠ ವೇಗದ ಅಂಕಿ ಕೊಟ್ಟು ಜಾರಿಕೊಳ್ಳುವವರೇ ಹೆಚ್ಚು. ಕರೆಂಟ್ ಹೋಗಿ ಬಂದಾಗ ಹೊಂದಿಸಿಟ್ಟ ಅಂಕಿಗಳು ಉಳಿಯುತ್ತವೆಯೇ ಎಂದು ಎದುರಿಗೇ ಪ್ಲಗ್ ಕಿತ್ತು ತೋರಿಸಲು ಹೇಳಿ, ಮಳೆಗಾಲದಲ್ಲಿ ಅದು ದಿನದ ಮಾತು. ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಒಂದು ಭೇಟಿ ಮೇ ತಿಂಗಳ ಕೊನೆಗೆ, ಇನ್ನೊಂದು ಅಕ್ಟೋಬರಿಗೆ ಎಂದು ತಿಂಗಳ ಹೆಸರನ್ನೇ ಬರೆಸಿ. ಮೂರು ತಿಂಗಳಿಗೊಮ್ಮೆ ಎಂದು ಬರೆದರೆ ಅವರು ಬರುವುದು ಆಗಸ್ಟಿನ ನಡುವೆ, ಆಗ ಲೂವರ್ ಬಿಚ್ಚಲು ಆಗುವುದಿಲ್ಲ. ಅಲಾರಂ ಹೋಗುವ ಮೊಬೈಲ್ ನಂಬರ್ ಬೆಂಗಳೂರಿನ ಮುಖ್ಯ ಕಚೇರಿಯದಾಗಿರದೆ, ಕಟ್ಟಡದ ಕೀಲಿ ಇಟ್ಟುಕೊಂಡವರದೇ ಆಗಿರಲಿ.